ಒಂದೇ ಫೋನು, ಹಲವು ಮನೆ



ಸುವರ್ಣ ಮಹೋತ್ಸವ ಸಮಿತಿಯವರು ಫೋನು ಮಾಡಿ, "ನೀನು ಸಾಫ್ಟ್‌ವೇರ್ ಇಂಜಿನಿಯರ್ ಅಲ್ಲವಾ, ಬಂದು ಅರ್ಧ ಗಂಟೆ ಮಾತಾಡು, ಮಕ್ಕಳಿಗೆ ಪ್ರೇರಣೆ ಆಗುತ್ತದೆ" ಅಂದರು. ಪ್ರೇರಣೆ ಕೊಡುವ ಕೆಲಸ ನನಗೆ ಬರುವುದಿಲ್ಲ. ಏನು ಮಾತಾಡಲಿ ಎಂದು ಆಯಿಯ ಹತ್ತಿರ ಕೇಳಿದೆ. "ನೀ ಎಂತಾ ಕೆಲ್ಸ ಮಾಡ್ತೆ ಹೇಳಿ ನಂಗೆ ಇನ್ನೂ ಗೊತ್ತಾಜಿಲ್ಲೆ. ಅದ್ನೇ ಹೇಳು" ಅಂದಳು. ಆಯಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಆದ್ದರಿಂದ ಈ ಮಾತು ಮುಖ್ಯವಾಗಿ ಅವಳಿಗೆ. ಉಳಿದವರು ದಯವಿಟ್ಟು ಕೇಳಿಸಿಕೊಳ್ಳಬೇಕು.

ಮೊದಲು ಒಂದು ಫೋನಿನ ಕತೆ.

ಇವತ್ತು ಅಪ್ಸರಕೊಂಡದ ಜಲಪಾತ ನೋಡಲು ಬಂದವರು ಗುಡ್ಡದ ಮೇಲೆ ನಿಂತು ಸಮುದ್ರದ ಫೋಟೋ ತೆಗೆದು, ಅಲ್ಲಿಂದಲೇ ತಮ್ಮ ಮನೆಗೆ ಕಳಿಸಿಬಿಡುತ್ತಾರೆ. ನಾನು ಏಳನೇ ತರಗತಿಯಲ್ಲಿದ್ದಾಗ, ಅಂದರೆ 2001ರ ಆಸುಪಾಸಿನಲ್ಲಿ, ನಮ್ಮ ಕೇರಿಯ ಹದಿನಾಲ್ಕು ಮನೆಗಳಿಗೆ ಸೇರಿ ಇದ್ದದ್ದು ಒಂದೇ ಫೋನು. ಅದು ಅಂಗಡಿ ಅಜ್ಜನ ಅಂಗಡಿಯಲ್ಲಿತ್ತು. ಮದುವೆ ಕಾಗದದಲ್ಲಿ ಅದರ ನಂಬರು ಹಾಕಿ, ಪಕ್ಕದಲ್ಲಿ "ಪಿ.ಪಿ." ಎಂದು ಅಚ್ಚು ಹಾಕಿಸುತ್ತಿದ್ದರು. ಇಲ್ಲಿರುವ ಹಿರಿಯರಿಗೆಲ್ಲ ಅದು ಗೊತ್ತು. ಮಕ್ಕಳಿಗೆ ಹೇಳುತ್ತೇನೆ: ಫೋನು ನಮ್ಮದಲ್ಲ, ಆದರೆ ಅಲ್ಲಿಗೆ ಮಾಡಿ ನಮ್ಮ ಹೆಸರು ಹೇಳಿದರೆ ಕರೆಯುತ್ತಾರೆ ಎಂದು ಅದರ ಅರ್ಥ.

ಮುಂಬಯಿಯಿಂದಲೋ ಹುಬ್ಬಳ್ಳಿಯಿಂದಲೋ ಫೋನು ಬರುತ್ತಿತ್ತು. ಅಜ್ಜ ಎತ್ತಿ, "ಯಾರು ಬೇಕು?" ಎಂದು ಕೇಳುತ್ತಿದ್ದ. ಹೆಸರು ಹೇಳಿದರೆ, "ಹತ್ತು ನಿಮಿಷ ಬಿಟ್ಟು ಮಾಡಿ" ಎಂದು ಇಟ್ಟು, ಅಂಗಡಿಯ ಎದುರು ಗೋಲಿ ಆಡುವ ಹುಡುಗರಲ್ಲಿ ಒಬ್ಬನನ್ನು ಓಡಿಸುತ್ತಿದ್ದ. ಆ ಓಡುವ ಹುಡುಗ ಹೆಚ್ಚಾಗಿ ನಾನೇ. ಒಂದು ಓಟಕ್ಕೆ ಒಂದು ಪೆಪ್ಪರಮಿಂಟು. ತೋಟದ ಆಚೆಯ ಮನೆಗಾದರೆ ಎರಡು. ಹೊರಗೆ ಫೋನು ಮಾಡುವವರಿಗೆ ಬೇರೆ ನಿಯಮ. ಫೋನು ಮರದ ಪೆಟ್ಟಿಗೆಯೊಳಗೆ, ಪೆಟ್ಟಿಗೆಗೆ ಬೀಗ, ಬೀಗದ ಕೈ ಅಜ್ಜನ ಸೊಂಟದಲ್ಲಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬೆಂಚಿನ ಮೇಲೆ ಕಾಯಬೇಕು. ಮಾತು ಮುಗಿದ ಮೇಲೆ ರಿಸೀವರ್ ಸರಿಯಾಗಿ ಇಡಬೇಕು. ಒಬ್ಬರು ಓರೆಯಾಗಿ ಇಟ್ಟು ಹೋದರೆ ಹದಿನಾಲ್ಕು ಮನೆಗೂ ಫೋನಿಲ್ಲ.

ನನ್ನ ಕೆಲಸದ ಮುಕ್ಕಾಲು ಪಾಲು ಇಷ್ಟೇ, ಆಯಿ. ಒಂದು ಫೋನು, ಹಲವು ಮನೆ. ಉಳಿದ ಕಾಲು ಪಾಲು ಮಾತ್ರ ಸ್ವಲ್ಪ ಕಷ್ಟದ್ದು, ಅದನ್ನು ಹೇಳಲು ಕಂಪ್ಯೂಟರಿನ ಒಳಗೆ ಹೋಗಬೇಕು.

ಕಂಪ್ಯೂಟರಿನಲ್ಲಿ ನೀವು ನೋಡುವ ಚಿತ್ರ, ಹಾಡು, ಲೆಕ್ಕದ ಪುಸ್ತಕ ಎಲ್ಲವೂ ಮೇಲಿನ ಸಿಪ್ಪೆ. ಅವುಗಳ ಕೆಳಗೆ ಒಂದು ತಿರುಳು ಇರುತ್ತದೆ. ಅದಕ್ಕೆ ಕರ್ನಲ್ ಎನ್ನುತ್ತೇವೆ. ಸೈನ್ಯದ ಕರ್ನಲ್ ಅಲ್ಲ, ತೆಂಗಿನಕಾಯಿಯೊಳಗಿನ ಕಾಯಿ ಇದೆಯಲ್ಲ, ಆ ಅರ್ಥದ್ದು. ಯಂತ್ರದ ಭಾಗಗಳನ್ನು ನೇರವಾಗಿ ಮುಟ್ಟುವ ಹಕ್ಕು ಇರುವುದು ಈ ತಿರುಳಿಗೆ ಮಾತ್ರ. ಲಿನಕ್ಸ್ ಎಂಬುದು ಅಂಥ ಒಂದು ಕರ್ನಲ್. ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಬರೆಯಲು ಶುರು ಮಾಡಿದ್ದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಇರುವುದು ಅದೇ. ಅದರ ಬರಹ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅಪ್ಸರಕೊಂಡದಲ್ಲಿ ಕೂತೂ ಓದಬಹುದು.

ಹೊರಗಿನ ಲೋಕದ ಜೊತೆ ಮಾತಾಡಲು ಕಂಪ್ಯೂಟರಿಗೆ ಒಂದು ನೆಟ್‌ವರ್ಕ್ ಕಾರ್ಡು ಇರುತ್ತದೆ. ಅಂಗಡಿಯ ಫೋನು ಎಂದರೆ ಇದು. ತಂತಿಯಲ್ಲಿ ಬರುವ ಮಾಹಿತಿ ಸಣ್ಣ ಸಣ್ಣ ಕಟ್ಟುಗಳಾಗಿ ಬರುತ್ತದೆ. ಒಂದು ಕಟ್ಟಿನಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟು ಸರಕು. ಪ್ರತಿ ಕಟ್ಟಿನ ಮೇಲೂ ಯಾವ ಕಾರ್ಡಿಗೆ ಎಂಬ ವಿಳಾಸ, ಒಳಗೆ ಯಾವ ಬಗೆಯ ಸರಕು ಎಂಬ ಗುರುತು, ಅದರೊಳಗೆ ಯಾವ ಬಾಗಿಲಿಗೆ ಎಂಬ ಸಂಖ್ಯೆ. ಕರ್ನಲ್ ಅದನ್ನು ಓದಿ, "ಇದು ಬ್ರೌಸರಿಗೆ, ಇದು ವಾಟ್ಸಪ್ಪಿಗೆ" ಎಂದು ಹಂಚುತ್ತದೆ. ಅಜ್ಜ ಹೆಸರು ಕೇಳಿ ಹುಡುಗನನ್ನು ಓಡಿಸಿದ ಹಾಗೆಯೇ.

ಒಂದೇ ದಾರಿಯನ್ನು ಹಲವರು ಹಂಚಿಕೊಳ್ಳುವುದು ನಮ್ಮ ಊರಿನವರಿಗೆ ಹೊಸದಲ್ಲ. ಕಾಸರಕೋಡಿನಿಂದ ಸಮುದ್ರಕ್ಕೆ ಹೋಗುವ ಬೋಟಿನವರನ್ನು ಕೇಳಿ. ವಿಎಚ್‌ಎಫ್ ರೇಡಿಯೋದಲ್ಲಿ 16ನೇ ಚಾನೆಲ್ ಎಲ್ಲರದ್ದೂ. ಕರೆಯುವುದು ಅಲ್ಲಿ, ಅಪಾಯ ಬಂದರೆ ಕೂಗುವುದು ಅಲ್ಲಿ. ಹರಟೆಗೆ ಬೇರೆ ಚಾನೆಲ್ಲಿಗೆ ಹೋಗಬೇಕು. ಶರಾವತಿಯ ಮೇಲಿನ ಕೊಂಕಣ ರೈಲ್ವೆ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಹಳಿ ಒಂದೇ. ಎದುರಿನ ಗಾಡಿ ಬರುತ್ತಿದ್ದರೆ ಈ ಕಡೆಯದು ಸ್ಟೇಷನ್ನಿನಲ್ಲಿ ನಿಲ್ಲಬೇಕು. ನಾವು ಇವತ್ತು ಬಳಸುವ ಈಥರ್‌ನೆಟ್ ಕೂಡ ಹುಟ್ಟಿದ್ದು ಹೀಗೆಯೇ. ಹವಾಯಿ ದ್ವೀಪಗಳ ನಡುವೆ ಒಂದೇ ರೇಡಿಯೋ ದಾರಿಯನ್ನು ಹಲವು ಕಂಪ್ಯೂಟರ್ ಹಂಚಿಕೊಳ್ಳುವ ಅಲೋಹಾನೆಟ್ ಎಂಬ ವ್ಯವಸ್ಥೆ ಇತ್ತು. ಅದನ್ನು ಓದಿ 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಅದೇ ಉಪಾಯವನ್ನು ತಂತಿಗೆ ತಂದರು.

ಇಲ್ಲಿಯವರೆಗೆ ಸುಲಭ. ಈಗ ಆ ಕಷ್ಟದ ಕಾಲು ಪಾಲಿಗೆ ಬರುತ್ತೇನೆ.

ಅಂಗಡಿಯ ಅಜ್ಜ ಗಟ್ಟಿಯಾಗಿದ್ದಾಗ ಹಂಚುವುದು ಸರಿ. ಅಜ್ಜನೇ ಕುಸಿದು ಬಿದ್ದರೆ? ಬೀಗದ ಕೈ ಅವನ ಸೊಂಟದಲ್ಲಿದೆ, ಓಡುವ ಹುಡುಗರು ಹೆದರಿ ಓಡಿಹೋಗಿದ್ದಾರೆ, ಡಾಕ್ಟರಿಗೆ ಫೋನು ಮಾಡಬೇಕಾದದ್ದೂ ಅದೇ ಫೋನಿನಿಂದ. ಕರ್ನಲ್ ಕುಸಿದಾಗ ಆಗುವುದು ಇದೇ. ಕುಸಿಯುವ ಕ್ಷಣದಲ್ಲಿ ಅದು ತನಗೆ ಏನಾಯಿತು ಎಂದು ಹತ್ತಿಪ್ಪತ್ತು ಸಾಲು ಬರೆಯುತ್ತದೆ: ಯಾವ ಕೆಲಸ ಮಾಡುತ್ತಿದ್ದೆ, ಅದನ್ನು ಮಾಡಲು ನನ್ನನ್ನು ಕರೆದವರು ಯಾರು, ಅವರನ್ನು ಕರೆದವರು ಯಾರು. ಸಾಯುವವನ ಹೇಳಿಕೆ ಎಂದು ಕೋರ್ಟಿನಲ್ಲಿ ಹೇಳುತ್ತಾರಲ್ಲ, ಅಂಥದ್ದು. ನಮ್ಮಂಥವರಿಗೆ ಅದಕ್ಕಿಂತ ಬೆಲೆಬಾಳುವ ಸಾಕ್ಷ್ಯ ಇಲ್ಲ. ಆದರೆ ಅದನ್ನು ಬರೆಯುವುದು ಎಲ್ಲಿ? ಡಿಸ್ಕಿಗೆ ಬರೆಯುವ ಸ್ಥಿತಿಯಲ್ಲಿ ಅದು ಇರುವುದಿಲ್ಲ. ಪರದೆ ಇದ್ದರೆ ಪರದೆಯ ಮೇಲೆ ಬರೆಯಬಹುದು, ಎಷ್ಟೋ ಯಂತ್ರಗಳಿಗೆ ಪರದೆಯೇ ಇಲ್ಲ. ಉಳಿದದ್ದು ನೆಟ್‌ವರ್ಕಿನ ತಂತಿ. ಸಾಯುವ ಮೊದಲು ಪಕ್ಕದ ಕಂಪ್ಯೂಟರಿಗೆ ಕೂಗಿ ಹೇಳಬೇಕು.

2001ರ ಸೆಪ್ಟೆಂಬರಿನಲ್ಲಿ ಇಂಗೋ ಮೋಲ್ನಾರ್ ಎಂಬವರು ಲಿನಕ್ಸ್‌ಗೆ ಇದನ್ನೇ ಬರೆದರು. ಹೆಸರು ನೆಟ್‌ಕನ್ಸೋಲ್. ನಾನು ಪೆಪ್ಪರಮಿಂಟಿಗಾಗಿ ಓಡುತ್ತಿದ್ದ ಕಾಲವೇ ಅದು ಎಂದು ಈಚೆಗೆ ಗೊತ್ತಾಗಿ ನನಗೆ ಖುಷಿಯಾಯಿತು. ಎರಡು ವರ್ಷದ ನಂತರ, 2003ರಲ್ಲಿ, ಮ್ಯಾಟ್ ಮೆಕಾಲ್ ಎಂಬವರು ಅದರ ಒಳಗಿನ ಮುಖ್ಯ ಭಾಗವನ್ನು ಬಿಡಿಸಿ, ಬೇರೆಯವರೂ ಬಳಸುವಂತೆ ನೆಟ್‌ಪೋಲ್ ಎಂಬ ವ್ಯವಸ್ಥೆ ಮಾಡಿದರು.

ಅದರ ಜಾಣತನ ಕೇಳಿ. ಮಾಮೂಲಿ ದಿನಗಳಲ್ಲಿ ಕಾರ್ಡು ಕೆಲಸ ಮುಗಿದ ಮೇಲೆ ಗಂಟೆ ಹೊಡೆದು ಕರ್ನಲ್ಲಿಗೆ ತಿಳಿಸುತ್ತದೆ, ಇಂಟರಪ್ಟ್ ಎನ್ನುತ್ತೇವೆ. ಕುಸಿದ ಕರ್ನಲ್ಲಿಗೆ ಗಂಟೆ ಕೇಳುವುದಿಲ್ಲ. ಆದ್ದರಿಂದ ನೆಟ್‌ಪೋಲ್ ಗಂಟೆಗೆ ಕಾಯದೆ ತಾನೇ ಹೋಗಿ ಕಾರ್ಡನ್ನು "ಆಯಿತಾ? ಆಯಿತಾ?" ಎಂದು ಕೇಳುತ್ತದೆ. ಕಟ್ಟು ಕಟ್ಟಲು ಜಾಗ ಬೇಕು, ಸಾಯುವ ಹೊತ್ತಿನಲ್ಲಿ ಮೆಮೊರಿ ಕೊಡುವವರು ಯಾರೂ ಇರುವುದಿಲ್ಲ. ಹಾಗಾಗಿ 32 ಖಾಲಿ ಕಟ್ಟುಗಳನ್ನು ಮೊದಲೇ ತೆಗೆದಿಡುತ್ತದೆ. ಮಳೆಗಾಲಕ್ಕೆ ಕಟ್ಟಿಗೆ ಕೂಡಿಟ್ಟ ಹಾಗೆ. ಪಕ್ಕದ ಕಂಪ್ಯೂಟರಿನ ವಿಳಾಸವನ್ನೂ ಮೊದಲೇ ಬರೆದುಕೊಂಡಿರುತ್ತದೆ, ಆಗ ಕೇಳುತ್ತಾ ಕೂರುವುದಿಲ್ಲ. ಇನ್ನು ಬೀಗ. ಕಾರ್ಡಿಗೆ ಕಟ್ಟು ಕೊಡುವ ಮುನ್ನ ಬೀಗ ಹಿಡಿಯಬೇಕು, ಇಬ್ಬರು ಒಟ್ಟಿಗೆ ತುರುಕಬಾರದು ಎಂದು. ಆದರೆ ಕರ್ನಲ್ ಕುಸಿದದ್ದು ಆ ಬೀಗ ಹಿಡಿದುಕೊಂಡಿದ್ದ ಹೊತ್ತಿನಲ್ಲೇ ಆಗಿದ್ದರೆ? ಬೀಗದ ಕೈ ಸೊಂಟದಲ್ಲಿಟ್ಟುಕೊಂಡು, "ಯಾರಾದರೂ ಬಾಗಿಲು ತೆಗೆಯಿರೋ" ಎಂದು ಹೊರಗೆ ಕಾಯುವವನ ಕತೆಯಾಗುತ್ತದೆ. ಅದಕ್ಕೇ ನೆಟ್‌ಪೋಲ್ ಬೀಗಕ್ಕಾಗಿ ಸ್ವಲ್ಪವೇ ಹೊತ್ತು ಪ್ರಯತ್ನಿಸುತ್ತದೆ, ಸಿಗದಿದ್ದರೆ ಕಟ್ಟನ್ನು ಪಕ್ಕದ ಸರದಿಯಲ್ಲಿಟ್ಟು ಮುಂದೆ ಹೋಗುತ್ತದೆ.

ಇದನ್ನು ಬರೆದವರು ಸಾಮಾನ್ಯರಲ್ಲ. ಆದರೂ ಅವರು ಒಂದು ವಿಷಯ ಬಿಟ್ಟಿದ್ದರು. ಕಾರ್ಡಿನ ದಾಖಲೆಯಲ್ಲಿ ಈ ತುರ್ತು ಗಿರಾಕಿಯ ಹೆಸರು ಬರೆಯಲು ಒಂದೇ ಒಂದು ಜಾಗ ಇಟ್ಟಿದ್ದರು. ಎರಡನೆಯವನು ಬಂದರೆ ಮೊದಲನೆಯವನ ಹೆಸರಿನ ಮೇಲೇ ಬರೆಯಬೇಕು. ಆದರೆ ತುರ್ತು ಗಿರಾಕಿಗಳು ಒಬ್ಬರೇ ಅಲ್ಲ. ಕೊನೆಯ ಮಾತು ಕಳಿಸುವ ನೆಟ್‌ಕನ್ಸೋಲ್ ಒಂದು, ಸತ್ತ ಯಂತ್ರದ ಇಡೀ ಮೆಮೊರಿಯನ್ನು ಸಾಗಿಸುವವನು ಇನ್ನೊಂದು, ದೂರದಿಂದ ಕರ್ನಲ್ಲಿನ ನಾಡಿ ಹಿಡಿದು ಪರೀಕ್ಷಿಸುವವನು ಮತ್ತೊಂದು. 2005ರಲ್ಲಿ ಜೆಫ್ ಮೋಯರ್ ಎಂಬವರು ಅದನ್ನು ತಿದ್ದಿದರು. ಪ್ರತಿ ಕಾರ್ಡಿಗೂ ಎಲ್ಲರಿಗೂ ಸೇರಿದ ಒಂದು ಸಾಮಾನ್ಯ ಪುಸ್ತಕ, ಅದರ ಮೂಲಕ ಹಲವು ಗಿರಾಕಿಗಳು. ಆಮೇಲೂ ಹೊರಗೆ ಹೇಳುವುದು ಹಲವರಿಗೆ ಸಾಧ್ಯವಿತ್ತು, ಹೊರಗಿನಿಂದ ಬಂದದ್ದನ್ನು ಕೇಳುವ ಹಕ್ಕು ಮಾತ್ರ ಒಬ್ಬನಿಗೇ. 2010ರ ಆರಂಭದಲ್ಲಿ ಡೇನಿಯಲ್ ಬೋರ್ಕ್‌ಮನ್ ಎಂಬವರು ಅಲ್ಲಿಯೂ ಒಂದು ಹೆಸರಿನ ಜಾಗದಲ್ಲಿ ಪಟ್ಟಿ ತಂದರು. ಬಂದ ಕಟ್ಟನ್ನು ಪಟ್ಟಿಯಲ್ಲಿರುವವರಿಗೆಲ್ಲ ತೋರಿಸುವುದು, ಯಾರದ್ದೋ ಅವರು ತೆಗೆದುಕೊಳ್ಳುವುದು. ತಮಾಷೆ ಎಂದರೆ 2014ರಲ್ಲಿ, ಆ ಕೇಳುವ ಭಾಗವನ್ನು ಕರ್ನಲ್ಲಿನೊಳಗೆ ಯಾರೂ ಬಳಸುತ್ತಿಲ್ಲವೆಂದು ಅದನ್ನು ಪೂರ್ತಿ ಕಿತ್ತೇ ಹಾಕಿದರು. ಹಂಚಿಕೊಳ್ಳುವುದನ್ನು ಕಲಿತ ಮೇಲೆ ಪಾಲು ಕೇಳುವವರೇ ಇರಲಿಲ್ಲ. ನಮ್ಮ ತೋಟದ ಜಗಳಗಳಲ್ಲೂ ಇದನ್ನು ನೋಡಿದ್ದೇನೆ.

ಇಷ್ಟು ಹಿನ್ನೆಲೆ ಇಟ್ಟುಕೊಂಡು, ನಾನು ಮಾಡಿದ ತಪ್ಪಿನ ಬಗ್ಗೆ ಹೇಳಬೇಕು.

ನಾನು ಮೊದಲು ಇದ್ದ ಕಂಪನಿಯಲ್ಲಿ ಕಾರ್ಖಾನೆಗಳಲ್ಲಿ ಗೋಡೆಗೆ ಹಾಕುವ ಒಂದು ಪುಟ್ಟ ಪೆಟ್ಟಿಗೆ ಮಾಡುತ್ತಿದ್ದೆವು. ಯಂತ್ರಗಳ ಬಿಸಿ, ವೇಗ, ಎಣಿಕೆ ತೆಗೆದುಕೊಂಡು ಆಫೀಸಿಗೆ ಕಳಿಸುವುದು ಅದರ ಕೆಲಸ. ಪರದೆ ಇಲ್ಲ, ಕೀಲಿಮಣೆ ಇಲ್ಲ, ಖರ್ಚು ಉಳಿಸಲು ನೆಟ್‌ವರ್ಕ್ ಕಾರ್ಡು ಕೂಡ ಒಂದೇ. ಒಳಗೆ ನೆಟ್‌ಕನ್ಸೋಲ್ ಇತ್ತು. ಅದರ ಪಕ್ಕದಲ್ಲಿ, ಪೆಟ್ಟಿಗೆ ಬದುಕಿದೆಯೇ ಎಂದು ಕ್ಷಣಕ್ಷಣಕ್ಕೂ ಹೇಳುವ ಒಂದು ಸಣ್ಣ ಮಾಡ್ಯೂಲು ಬೇಕಾಯಿತು. ಅದನ್ನು ಬರೆದದ್ದು ನಾನು. ನಾಡಿ ಬಡಿತ ಎಂದು ಕರೆಯೋಣ. ಅದೂ ನೆಟ್‌ಪೋಲ್ ಮೂಲಕವೇ ಹೋಗುತ್ತಿತ್ತು. ಅಂದರೆ ಒಂದು ಕಾರ್ಡು, ಎರಡು ತುರ್ತು ಗಿರಾಕಿ.

ಎಲ್ಲ ಗ್ರಾಹಕರೂ ಈ ನಾಡಿ ಬಡಿತಕ್ಕೆ ಹಣ ಕೊಟ್ಟಿರಲಿಲ್ಲ. ಕೊಡದವರ ಪೆಟ್ಟಿಗೆಯಲ್ಲಿ, ಶುರುವಾದ ಮೇಲೆ ಪರವಾನಗಿ ನೋಡಿ, ಇಲ್ಲದಿದ್ದರೆ ನನ್ನ ಮಾಡ್ಯೂಲನ್ನು ಹೊರಗೆ ಕಳಿಸುತ್ತಿದ್ದರು. ಹೊರಗೆ ಹೋಗುವಾಗ ಅದು ತನ್ನ ಸಾಮಾನು ಕಟ್ಟಿಕೊಂಡು ಹೋಗಬೇಕು. ಆ ಭಾಗವನ್ನು ನಾನು ಹಳೆಯದೊಂದು ಕಡೆಯಿಂದ ನಕಲು ಮಾಡಿದ್ದೆ. ಕಾರ್ಡಿಗೆ ಒಬ್ಬನೇ ಗಿರಾಕಿ ಇದ್ದ ಕಾಲದಲ್ಲಿ ಬರೆದದ್ದು ಅದು. ಒಬ್ಬನೇ ಇದ್ದಾಗ ಹೋಗುವಾಗ ಪುಸ್ತಕವನ್ನೂ ಹರಿದು ಹಾಕಿ ಹೋದರೆ ಯಾರಿಗೂ ತೊಂದರೆ ಇಲ್ಲ. ನನ್ನ ಮಾಡ್ಯೂಲು ತನ್ನ ಹೆಸರು ಹೊಡೆಯುವ ಬದಲು ಪುಸ್ತಕವನ್ನೇ ಹರಿದು ಹೋಗುತ್ತಿತ್ತು. ಅದರಲ್ಲಿ ನೆಟ್‌ಕನ್ಸೋಲಿನ ಹೆಸರೂ ಇತ್ತು.

ಆಮೇಲೆ ನೆಟ್‌ಕನ್ಸೋಲ್ ಏನಾದರೂ ಹೇಳಲು ಹೋದರೆ? ನೆಟ್‌ಪೋಲ್ ಪುಸ್ತಕ ಹುಡುಕುತ್ತದೆ, ಇಲ್ಲ, ಕಟ್ಟನ್ನು ಸದ್ದಿಲ್ಲದೆ ಬಿಸಾಡುತ್ತದೆ. ತಪ್ಪು ಎಂದು ಕೂಗುವುದಿಲ್ಲ. ಕೂಗಲು ಇದ್ದ ದಾರಿಯೇ ಅದಲ್ಲವೇ. ಮಾಮೂಲಿ ಮಾಹಿತಿ ಬೇರೆ ದಾರಿಯಲ್ಲಿ ಆರಾಮಾಗಿ ಹೋಗುತ್ತಿತ್ತು. ಗಟ್ಟಿಮುಟ್ಟಾಗಿರುವ ಪೆಟ್ಟಿಗೆಯ ಕರ್ನಲ್ ದಿನಗಟ್ಟಲೆ ಏನೂ ಹೇಳುವುದಿಲ್ಲ. ಹೇಳುತ್ತಿಲ್ಲ ಎಂದರೆ ಚೆನ್ನಾಗಿದೆ ಎಂದು ನಾವು ತಿಳಿದಿದ್ದೆವು. ನಮ್ಮ ಲ್ಯಾಬಿನ ಪೆಟ್ಟಿಗೆಗಳಿಗೆಲ್ಲ ನಾಡಿ ಬಡಿತದ ಪರವಾನಗಿ ಇತ್ತು, ಅಲ್ಲಿ ನನ್ನ ಮಾಡ್ಯೂಲು ಹೊರಗೆ ಹೋಗುತ್ತಲೇ ಇರಲಿಲ್ಲ, ಎಲ್ಲ ಸರಿ ಇತ್ತು.

ಕೆಲವು ತಿಂಗಳ ನಂತರ ಗ್ರಾಹಕರ ಕಡೆ ಪೆಟ್ಟಿಗೆಗಳು ರಾತ್ರಿ ಹೊತ್ತು ಸಾಯಲು ಶುರುವಾದವು. ಸತ್ತು, ತಾವೇ ಮತ್ತೆ ಎದ್ದು ಕೂರುತ್ತಿದ್ದವು, ಯಾಕೆ ಸತ್ತೆ ಎಂಬ ನೆನಪಿಲ್ಲದೆ. ಕೊನೆಯ ಮಾತು ಒಂದು ಸಾಲೂ ಬರಲಿಲ್ಲ. ಆಗ ನಾವು ಐದಾರು ಜನ ಕೂತು ತರ್ಕ ಮಾಡಿದೆವು. ಲ್ಯಾಬಿನಲ್ಲಿ ಬೇಕೆಂದೇ ಕೊಂದರೆ ಮಾತಾಡುತ್ತದೆ, ಇಲ್ಲಿ ಮಾತಾಡುವುದಿಲ್ಲ. ಅಂದರೆ ಮಾತಾಡುವ ಬಾಯಿಯೇ ಮೊದಲು ಹೋಗಿರಬೇಕು. ಬಾಯಿ ಎಂದರೆ ನೆಟ್‌ವರ್ಕ್ ಕಾರ್ಡಿನ ಡ್ರೈವರ್. ಅದನ್ನು ಈಚೆಗೆ ಮುಟ್ಟಿದವರು ಯಾರು? ಹೊಸದಾಗಿ ಸೇರಿದ್ದ ಒಬ್ಬ ಹುಡುಗ. ರಾಯಚೂರಿನ ಕಡೆಯವನು, ಸರ್ಕಾರಿ ಹೈಸ್ಕೂಲಿನಲ್ಲೇ ಓದಿ ಬಂದವನು. ಆಗಿನ್ನೂ ಅವನ ಪ್ರೊಬೇಷನ್ ಮುಗಿದಿರಲಿಲ್ಲ.

ತರ್ಕದಲ್ಲಿ ಒಂದು ಮೆಟ್ಟಿಲೂ ತಪ್ಪಿರಲಿಲ್ಲ, ಅದೇ ಅದರ ಕೆಡುಕು. ಮೌನವೇ ಅವನ ವಿರುದ್ಧ ಸಾಕ್ಷಿಯಾಯಿತು. ಅವನು ಬದಲಿಸಿದ ಮುನ್ನೂರು ಚಿಲ್ಲರೆ ಸಾಲುಗಳನ್ನು ಮತ್ತೆ ಮತ್ತೆ ಓದಿಸಿದೆವು. ಓದಿಸಿದವರಲ್ಲಿ ನಾನೂ ಇದ್ದೆ. ಅವನ ಕನ್ಫರ್ಮೇಷನ್ ಮೂರು ತಿಂಗಳು ಮುಂದೆ ಹೋಯಿತು. ಅವನು ರಾತ್ರಿ ಹನ್ನೊಂದರವರೆಗೆ ಕೂತು ತನ್ನದೇ ಬರಹದಲ್ಲಿ ತಪ್ಪು ಹುಡುಕುತ್ತಿದ್ದ. ಸಿಗುತ್ತಿರಲಿಲ್ಲ. ಸಿಗಲಿಲ್ಲವೆಂದು ನಮಗೆ ಇನ್ನೂ ಅನುಮಾನ.

ಇಲ್ಲಿ ಸ್ವಲ್ಪ ನಿಲ್ಲಿಸಿ, ಅಂಗಡಿಯ ಫೋನಿಗೆ ಮರಳುತ್ತೇನೆ. ಆ ಕತೆಯನ್ನು ಅರ್ಧ ಮಾತ್ರ ಹೇಳಿದ್ದೆ.

ಅಂಗಡಿಯ ಪಕ್ಕದ ಮನೆಯವರು ಅಜ್ಜನ ಲೈನಿನಿಂದಲೇ ಒಂದು ಪ್ಯಾರಲಲ್ ಫೋನು ಎಳೆದುಕೊಂಡಿದ್ದರು. ಮುಂದೆ ಅವರಿಗೆ ಸ್ವಂತ ಕನೆಕ್ಷನ್ ಬಂತು. ಇನ್ನು ಇದು ಯಾಕೆ ಎಂದು ಆ ಮನೆಯವರೊಬ್ಬರು ಮಾಡಿನ ಕೆಳಗೆ ಹತ್ತಿ, ಗಂಟಿನ ಹತ್ತಿರ ವಯರನ್ನು ಕಟ್ ಮಾಡಿದರು. ತಮ್ಮದನ್ನೊಂದೇ ಕತ್ತರಿಸಿದೆ ಎಂದುಕೊಂಡಿದ್ದರು, ಕತ್ತರಿಸಿದ್ದು ಎರಡನ್ನೂ. ಅದು ಆಷಾಢ. ಮಳೆ ಹೇಗೆ ಹೊಡೆಯುತ್ತಿತ್ತು ಎಂದರೆ ಜಲಪಾತದ ಸದ್ದು ನಮ್ಮ ಜಗುಲಿಗೆ ಕೇಳುತ್ತಿತ್ತು. ಯಾರೋ ಒಬ್ಬರು ಫೋನು ಮಾಡಲು ಬಂದು ರಿಸೀವರ್ ಎತ್ತಿದರೆ ಸದ್ದಿಲ್ಲ. "ಮಳೆಗೆ ಹೋಯ್ತು, ಬಿಸಿಲು ಬಿದ್ರೆ ಬತ್ತು" ಎಂದು ಎಲ್ಲರೂ ಸುಮ್ಮನಾದರು. ಮಳೆಗಾಲದಲ್ಲಿ ಲೈನು ಹೋಗುವುದು ವರ್ಷವೂ ಇದ್ದದ್ದೇ.

ಆ ಕಡೆಯಿಂದ ಮಾಡಿದವರಿಗೆ ಮಾತ್ರ ರಿಂಗಾಗುತ್ತಲೇ ಇತ್ತು. ಲೈನು ಹೀಗೆ ಕಡಿದಾಗ ಮಾಡಿದವರ ಕಿವಿಗೆ ರಿಂಗ್ ಕೇಳುತ್ತದೆ, ಇಲ್ಲಿ ಹೊಡೆಯುವುದಿಲ್ಲ. ನಮ್ಮ ಕೇರಿಯ ಒಬ್ಬರು ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅವರಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದರು. ಜೊತೆಯವರು ನಾಲ್ಕು ದಿನ ಫೋನು ಮಾಡಿದರಂತೆ, ಎತ್ತುವವರಿಲ್ಲ. ಐದನೇ ದಿನ ಟೆಲಿಗ್ರಾಂ ಬಂತು. ಅವರ ಅಪ್ಪ ಅದೇ ರಾತ್ರಿ ರೈಲು ಹತ್ತಿದರು. ತಲುಪುವಷ್ಟರಲ್ಲಿ ಮುಗಿದಿತ್ತು.

ಅದಾದ ಮೇಲೆ ಅಜ್ಜ ಒಂದು ರೂಢಿ ಮಾಡಿಕೊಂಡ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ದೇವರಿಗೆ ದೀಪ ಹಚ್ಚಿ, ಪೆಟ್ಟಿಗೆಯ ಬೀಗ ತೆಗೆದು ರಿಸೀವರ್ ಎತ್ತಿ ಕಿವಿಗಿಟ್ಟುಕೊಳ್ಳುತ್ತಿದ್ದ. ಕುಂಯ್ ಎನ್ನುವ ಸದ್ದು ಕೇಳಿದ ಮೇಲೆಯೇ ಮೊದಲ ಗಿರಾಕಿ. ಸದ್ದಿಲ್ಲದಿದ್ದರೆ ಛತ್ರಿ ಹಿಡಿದು ವಯರಿನ ಉದ್ದಕ್ಕೂ ಹೋಗಿ ನೋಡುತ್ತಿದ್ದ. ಮಳೆ ಎಂದು ಬಿಡುತ್ತಿರಲಿಲ್ಲ. ನಾವು ಹುಡುಗರು ಅವನನ್ನು ಅಣಕಿಸುತ್ತಿದ್ದೆವು.

ಬೆಂಗಳೂರಿನ ಆ ಲ್ಯಾಬಿನಲ್ಲಿ ಒಂದು ಶನಿವಾರ ಬೇರೆ ಯಾವುದೋ ಕೆಲಸಕ್ಕೆ, ಗ್ರಾಹಕರಿಂದ ವಾಪಸು ಬಂದಿದ್ದ ಒಂದು ಪೆಟ್ಟಿಗೆಯನ್ನು ಮೇಜಿನ ಮೇಲೆ ಜೋಡಿಸಿದೆ. ಯಾಕೆಂದು ಈಗಲೂ ಹೇಳಲಾರೆ, ಅಜ್ಜನ ಹಾಗೆ ಮೊದಲು ಕಿವಿಗಿಟ್ಟು ನೋಡಬೇಕು ಅನ್ನಿಸಿತು. ಕರ್ನಲ್ಲಿನ ಬಾಯಿಯಿಂದ ನಾವೇ ಒಂದು ಮಾತು ಹೇಳಿಸುವ ದಾರಿ ಇದೆ. "ಪರೀಕ್ಷೆ" ಎಂದು ಒಂದು ಸಾಲು ಬರೆದೆ. ಪಕ್ಕದ ಕಂಪ್ಯೂಟರಿನಲ್ಲಿ ಬರಲಿಲ್ಲ. ಮತ್ತೆ ಬರೆದೆ. ಬರಲಿಲ್ಲ. ಪೆಟ್ಟಿಗೆ ಆರೋಗ್ಯವಾಗಿತ್ತು, ಕುಸಿದಿರಲಿಲ್ಲ, ಆ ಹುಡುಗನ ಡ್ರೈವರ್ ಮಾಮೂಲಿ ಮಾಹಿತಿಯನ್ನು ಚೆನ್ನಾಗಿ ಸಾಗಿಸುತ್ತಲೇ ಇತ್ತು. ಆದರೂ ಈ ದಾರಿ ಸತ್ತಿತ್ತು. ಅಂದರೆ ಪೆಟ್ಟಿಗೆ ಸಾಯುವುದಕ್ಕೂ ಈ ಮೌನಕ್ಕೂ ಸಂಬಂಧವೇ ಇಲ್ಲ. ನಮ್ಮ ತರ್ಕದ ಮೊದಲ ಮೆಟ್ಟಿಲೇ ಇರಲಿಲ್ಲ.

ಲ್ಯಾಬಿನ ಪೆಟ್ಟಿಗೆಗೂ ಇದಕ್ಕೂ ವ್ಯತ್ಯಾಸ ಏನು ಎಂದು ನೋಡುತ್ತಾ ಹೋದರೆ, ಪರವಾನಗಿ. ಪರವಾನಗಿ ಇಲ್ಲದಿದ್ದರೆ ನಡೆಯುವುದೇನು ಎಂದು ನೋಡಿದರೆ, ನನ್ನ ಮಾಡ್ಯೂಲು ಹೊರಗೆ ಹೋಗುವುದು. ಅದು ಹೋಗುವಾಗ ಮಾಡುವುದೇನು ಎಂದು ನೋಡಿದರೆ, ನನ್ನ ನಾಲ್ಕು ಸಾಲು. ಮಧ್ಯಾಹ್ನ ಮೂರು ಗಂಟೆ. ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ.

ಇಲ್ಲಿ ಮಕ್ಕಳಿದ್ದೀರಿ, ಸುಳ್ಳು ಹೇಳಬಾರದು. ಆ ನಾಲ್ಕು ಸಾಲನ್ನು ಸದ್ದಿಲ್ಲದೆ ತಿದ್ದಿ, "ಸಣ್ಣಪುಟ್ಟ ಸುಧಾರಣೆ" ಎಂದು ಬರೆದು ಮುಗಿಸಿಬಿಡಲೇ ಎಂದು ನಾನು ಯೋಚಿಸಿದೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಯೋಚಿಸಿದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಬಡ್ತಿಯ ಮಾತು ನಡೆಯುತ್ತಿದ್ದ ತಿಂಗಳು ಅದು. ಆಮೇಲೆ ಹುಡುಗನಿಗೆ ಫೋನು ಮಾಡಿದೆ. ಅವನು ಎತ್ತಿದವನೇ, "ಸರ್, ಇನ್ನೊಂದು ಪೆಟ್ಟಿಗೆ ಹೋಯ್ತಾ?" ಎಂದು ಕೇಳಿದ.

ಸೋಮವಾರದ ಮೀಟಿಂಗಿನಲ್ಲಿ ನನ್ನ ನಾಲ್ಕು ಸಾಲನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಇದು ನನ್ನದು ಎಂದೆ. ತಿದ್ದುವುದೇನೂ ದೊಡ್ಡದಿರಲಿಲ್ಲ. ಆ ನಾಲ್ಕು ಸಾಲು ಅಳಿಸಿ, ಕರ್ನಲ್ಲೇ ಕೊಟ್ಟಿರುವ ಬಿಡುಗಡೆಯ ದಾರಿಯನ್ನು ಕರೆಯುವುದು, ಅಷ್ಟೇ. ಅದು ಸಾಮಾನ್ಯ ಪುಸ್ತಕವನ್ನು ಎಷ್ಟು ಜನ ಬಳಸುತ್ತಿದ್ದಾರೆ ಎಂದು ಎಣಿಸುತ್ತದೆ. ಬಂದವರಿಗೆ ಒಂದು ಕೂಡುತ್ತದೆ, ಹೋದವರಿಗೆ ಒಂದು ಕಳೆಯುತ್ತದೆ, ಸೊನ್ನೆಯಾದಾಗ ಮಾತ್ರ ಪುಸ್ತಕ ಮುಚ್ಚುತ್ತದೆ. ಈ ಶಾಲೆಯಲ್ಲಿ ಕೊನೆಗೆ ಹೊರಡುವವರು ಕೋಣೆಯ ಬೀಗ ಹಾಕಬೇಕು ಎಂದು ಅಕ್ಕೋರು ಹೇಳಿಕೊಟ್ಟಿದ್ದರಲ್ಲ, ಒಳಗೆ ಹುಡುಗರಿರುವಾಗ ಹಾಕಬಾರದು ಎಂದೂ ಹೇಳಿದ್ದರು. ನಾನು ಒಂಬತ್ತನೇ ತರಗತಿಯಲ್ಲಿ ಹಾಗೆ ಹಾಕಿ ಬೈಸಿಕೊಂಡಿದ್ದೆ. ಅಕ್ಕೋರಿಗೆ ನೆನಪಿರಬಹುದು, ನಗುತ್ತಿದ್ದಾರೆ.

ಇನ್ನೊಂದು ಕೆಲಸವನ್ನೂ ಸೇರಿಸಿದೆವು. ಪ್ರತಿ ಪೆಟ್ಟಿಗೆಯ ಕರ್ನಲ್ಲೂ ಗಂಟೆಗೊಮ್ಮೆ ಆ ತುರ್ತು ದಾರಿಯಲ್ಲೇ ಒಂದು ಸಾಲು ಹೇಳಬೇಕು. ಏನೂ ವಿಶೇಷವಿಲ್ಲ, ಇದ್ದೇನೆ ಎಂದು. ಒಂದು ಗಂಟೆ ಬಾರದಿದ್ದರೆ ನಮ್ಮಲ್ಲಿ ಯಾರಾದರೂ ಎದ್ದು ನೋಡಬೇಕು.

ತಿದ್ದಿದ್ದನ್ನು ಕಳಿಸಿದ ಹನ್ನೊಂದನೇ ದಿನ ರಾತ್ರಿ ಒಂದು ಪೆಟ್ಟಿಗೆ ಸತ್ತಿತು. ಈ ಸಲ ಇಪ್ಪತ್ತಾರು ಸಾಲು ಹೇಳಿ ಸತ್ತಿತು. ಕಾರಣ ನೆಟ್‌ವರ್ಕಿನ ಹತ್ತಿರವೂ ಇರಲಿಲ್ಲ. ಚಿಪ್ಪಿನ ಜೊತೆ ಸಿದ್ಧವಾಗಿ ಬಂದಿದ್ದ ಯುಎಸ್‌ಬಿ ಡ್ರೈವರ್ ಒಂದು, ಮೆಮೊರಿ ಕಡಿಮೆ ಬಿದ್ದಾಗ ಸಿಗದ ಜಾಗವನ್ನು ಸಿಕ್ಕಿದೆ ಎಂದುಕೊಂಡು ಕಾಲಿಡುತ್ತಿತ್ತು. ಅದನ್ನು ಆ ಇಪ್ಪತ್ತಾರು ಸಾಲಿನಿಂದ ಓದಿ ಹಿಡಿದವನು ಆ ಹುಡುಗನೇ, ಒಂದೇ ಮಧ್ಯಾಹ್ನದಲ್ಲಿ. ಅವನ ಕನ್ಫರ್ಮೇಷನ್ ಕಾಗದ ಆ ತಿಂಗಳು ಬಂತು. ನನ್ನ ಬಡ್ತಿ ಮುಂದಿನ ವರ್ಷಕ್ಕೆ ಹೋಯಿತು, ಅದರಲ್ಲಿ ನನ್ನ ತಕರಾರೇನೂ ಇರಲಿಲ್ಲ.

ಅವನು ಈಗ ಬೇರೆ ಕಡೆ ದೊಡ್ಡ ಕೆಲಸದಲ್ಲಿದ್ದಾನೆ. ಕಂಪನಿ ಬಿಡುವ ದಿನ ಕ್ಯಾಂಟೀನಿನಲ್ಲಿ ಕೂತಾಗ ನನಗೊಂದು ಮಾತು ಹೇಳಿದ. "ಸರ್, ನೀವೆಲ್ಲ ಅನುಮಾನ ಪಟ್ಟಿದ್ದಕ್ಕೆ ಬೇಜಾರಿಲ್ಲ. ಕೊನೆಕೊನೆಗೆ, ನಾನೇ ಮಾಡಿರಬೇಕು ಅಂತ ನನಗೂ ಅನ್ನಿಸಾಕ ಹತ್ತಿತ್ತು." ನಾನು ಏನೂ ಹೇಳಲಿಲ್ಲ. ಚಹಾದ ದುಡ್ಡು ಕೊಟ್ಟೆ.

ಅರ್ಧ ಗಂಟೆ ಎಂದು ಕರೆದಿದ್ದರು, ಮುಗಿಯುತ್ತಾ ಬಂತು. ಕೊನೆಯದಾಗಿ ಒಂದು ಸೂಚನೆ, ಎಂಟು, ಒಂಬತ್ತು, ಹತ್ತನೇ ತರಗತಿಯವರಿಗೆ. ನಾಳೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಂಪ್ಯೂಟರ್ ಕೋಣೆ ತೆರೆಯಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ನಾನು ಎರಡು ಹಳೆಯ ಲ್ಯಾಪ್‌ಟಾಪು, ಒಂದು ತಂತಿ ತಂದಿದ್ದೇನೆ. ಎರಡರಲ್ಲೂ ಲಿನಕ್ಸ್ ಇದೆ. ಕರ್ನಲ್ಲನ್ನು ಬೇಕೆಂದೇ ಬೀಳಿಸಲು ಲಿನಕ್ಸಿನಲ್ಲೇ ಒಂದು ಬಾಗಿಲಿದೆ, ಅಲ್ಲಿ ಇಂಗ್ಲಿಷಿನ ಸಿ ಎಂಬ ಒಂದೇ ಅಕ್ಷರ ಬರೆದರೆ ಸಾಕು. ನಿಮ್ಮಲ್ಲಿ ಒಬ್ಬರು ಬಂದು ಆ ಅಕ್ಷರ ಬರೆಯಬೇಕು. ಮೊದಲನೆಯದು ಸಾಯುವಾಗ ಎರಡನೆಯದಕ್ಕೆ ಏನು ಹೇಳಿತು ಎಂದು ಸಾಲು ಸಾಲಾಗಿ ಓದೋಣ. ಓದುವ ಮೊದಲು, ತಂತಿ ಸರಿ ಇದೆಯೇ ಎಂದು ನಾನು ಒಮ್ಮೆ ನೋಡುತ್ತೇನೆ. ನೋಟು ಪುಸ್ತಕ ತನ್ನಿ. ಪೆಪ್ಪರಮಿಂಟು ನನ್ನದು.

ಆಯಿ, ನೀನೂ ಬಾ.